ಮೂರರಲ್ಲಿ ಒಂದು ತಂತಿ

ಮೇ ೧೪, ಗುರುವಾರ

ಮೂರು ತಂತಿಯಲ್ಲಿ ಒಂದೇ ಯಾಕೆ ಬಿಸಿಯಾಯಿತು? ಪ್ರಾರ್ಥನೆಗೆ ಕೂತರೂ ಅದೇ ಯೋಚನೆ.

ಹಳೇ ಕೊಟ್ಟಿಗೆಯಲ್ಲಿ ತಮ್ಮ ವರ್ಲಿನ್ ತಾನೇ ಕಟ್ಟಿದ ವಿಮಾನದ ಕರೆಂಟ್ ಮೋಟಾರನ್ನು ಇವತ್ತು ಹತ್ತು ನಿಮಿಷ ಓಡಿಸಿದ. ಶನಿವಾರ ಅದರಲ್ಲೇ ಹಾರುತ್ತಾನಂತೆ. ಬ್ಯಾಟರಿ ಬಿಚ್ಚಿದ ಮೇಲೆ, ಮಕ್ಕಳ ಜ್ವರ ನೋಡುವ ಹಾಗೆ, ಮೋಟಾರಿನ ತಂತಿಗಳ ತುದಿ ಮುಟ್ಟಿದೆ. ಎರಡು ತಣ್ಣಗಿದ್ದವು, ಒಂದು ಸುಡುತ್ತಿತ್ತು.

“ಇದಕ್ಕೇನು ಬೇರೆ ಮಾಡಿದ್ದೀಯ?”

“ಗಟ್ಟಿ ಇರಲಿ ಅಂತ ಇದೊಂದರ ಎಳೆಗಳಿಗೆ ಸೀಸದ ಬೆಸುಗೆ ಹಾಕಿ ಆಮೇಲೆ ತುದಿಗೆ ಈ ತಾಮ್ರದ ಲಗ್ ತೊಡಿಸಿ ಒತ್ತಿದೆ ಮಾರಾಯ್ತಿ. ಅಷ್ಟರಲ್ಲಿ ಸೀಸ ಮುಗೀತು, ಉಳಿದೆರಡಕ್ಕೆ ಬರೀ ಲಗ್ ಒತ್ತಿದೆ.”

“ಎಳೆದು ನೋಡ್ಲಾ?”

“ಎಳಿ, ಎಳಿ. ಹೋರಿ ಕಟ್ಟಿ ಎಳೆದ್ರೂ ಬರಲ್ಲ.”

ತಂತಿ ಲಗ್ಗಿನಿಂದ ಜಾರಿ ನನ್ನ ಕೈಗೇ ಬಂತು. ಉಳಿದೆರಡನ್ನು ಇಬ್ಬರೂ ಸೇರಿ ಎಳೆದರೂ ಅಲುಗಲಿಲ್ಲ. ಅಲ್ಲಿ ಬರೀ ತಾಮ್ರದ ಎಳೆಗಳು ಒಂದನ್ನೊಂದು ಅಮುಕಿ ಹಿಡಿದಿದ್ದವು; ಇಲ್ಲಿ ಮೆತ್ತನೆಯ ಸೀಸ ಬಿಸಿಗೆ ಹಿಡಿತ ಬಿಟ್ಟಿತ್ತು. ಗಟ್ಟಿ ಮಾಡಲು ಹಾಕಿದ್ದೇ ಸಡಿಲ ಮಾಡಿತಲ್ಲ!

ವರ್ಲಿನ್ ಆ ತುದಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದ. “ಶನಿವಾರ ಬೇಡ” ಅಂದ.

ಕರ್ತನೇ, ಅವನನ್ನು ಕಾಯಿ ಅಂತ ತಿಂಗಳಿಂದ ಬೇಡುತ್ತಿದ್ದೆ. ನೀನು ನನ್ನ ಕೈಯಿಂದಲೇ ಆ ತಂತಿ ಮುಟ್ಟಿಸಿದೆ. ನಾಳೆ ಚರ್ಚಿನ ಮೀನೂಟಕ್ಕೆ ಹೋಗುವ ಮುಂಚೆ ಬ್ಯಾಟರಿ ಕಡೆಯ ತುದಿಗಳನ್ನೂ ಎಳೆಯಬೇಕು, ಅವನ್ನು ಅವನು ಸೀಸ ಮುಗಿಯುವ ಮುಂಚೆ ಮಾಡಿದ್ದೋ, ಆಮೇಲೋ ಕೇಳಲೇ ಇಲ್ಲ.