ರೊಟ್ಟಿ ಮಾರಿದ ಸುದ್ದಿ

ಅತ್ಯಾರ,

ನಾನ್ರಿ, ನಿಮ್ಮ ಸೊಸಿ. ನೀವು ಇದ್ದಾಗ ಎದುರು ನಿಂತು ಮಾತಾಡಾಕ ಹೆದರತಿದ್ದೆ. ಈಗ ತಿರುಗಿ ಬೈಯಾಕ ನೀವಿಲ್ಲ ಅಂತ ಧೈರ್ಯ ಬಂದೈತಿ. ಒಂದು ಸುದ್ದಿ ಹೇಳಬೇಕು, ಮೊದಲ ಕುಂದರ್ರಿ.

ಕುಷಾಯಿಗೂಡದ ಆ ಎರಡು ಖೋಲಿ ಬಾಡಿಗಿ ಮನಿ ಭಾಳ ನೆನಪಾಗತೈತಿ. ಮಾವನವರ ಫ್ಯಾಕ್ಟರಿ ಪಗಾರ ಒಂದ. ಅದರಾಗ ಮೂರು ಮಕ್ಕಳ ಓದು, ಇಬ್ಬರು ಹೆಣ್ಮಕ್ಕಳ ಮದವಿ, ದವಾಖಾನಿಗೆ ಅಂತ ಬೀದರಿಂದ ಬಂದು ತಿಂಗಳಗಟ್ಟಲೆ ಉಳಕೊಳ್ಳೋ ಬೀಗರು... ಹೆಂಗ್ರಿ ನಡಿಸಿದ್ರಿ? ನಿಮ್ಮ ಮಗನ ಪಗಾರ, ನನ್ನ ಟ್ಯೂಷನ್ನು ಎರಡೂ ಕೂಡಿದ್ರೂ ಒಬ್ಬಾಕಿ ಮಗಳನ್ನ ಓದಸಾಕ ನಮಗ ಉಸಿರು ಹತ್ತತಿತ್ತು. ಆವಾಗ ನಿಮ್ಮನ್ನ ಜಿಪುಣಿ ಅಂತ ಬೆನ್ನ ಹಿಂದ ಆಡಕೋತಿದ್ದೆ. ಈಗ ನೆನಸಿದ್ರ ಮೈ ಜುಮ್ ಅಂತೈತಿ. ಪವಾಡನ ಅದು.

ನಾಚಾರಂದಾಗ ಇವರು ದುಡಿಯೋ ಕಾರಖಾನಿ ಬಾಗಲಾ ಹಾಕಿದ ದಿವಸ ನಿಮ್ಮ ಮಗ ಹೊತ್ತಿಗಿಂತ ಮೊದಲ ಮನಿಗೆ ಬಂದ್ರು. ಅಷ್ಟು ವರ್ಷ ಸೂಪರ್‌ವೈಜರ್ ಆಗಿದ್ದ ಮನಷ್ಯಾ, ಗ್ವಾಡಿಗೆ ಮಾರಿ ಮಾಡಿ ಮಲಕೊಂಡ್ರು. ಬ್ಯಾರೆ ಕಡೆ ಕೇಳಿದ್ರ ಸಣ್ಣ ವಯಸ್ಸಿನವರ ಬೇಕಂತ, ಅದೂ ಅರ್ಧ ಪಗಾರಕ್ಕ. ದಿನಾ ಹೋದಂಗ ಮಾತ ಬಿಟ್ರು. ರೊಕ್ಕ ಹೋದ್ರ ಹೋಗಲಿ, ಈ ಮನಷ್ಯಾ ನನಗ ಉಳೀತಾರೋ ಇಲ್ಲೋ ಅಂತ ಎದಿ ಒಡದಿತ್ತು.

"ಅನ್ನ ಮಾರಬಾರದು" ಅಂತಿದ್ರಿ ನೀವು. ಮಗ್ಗಲಮನ್ಯಾಕಿ ಉಪ್ಪಿನಕಾಯಿ ಮಾರಿದ್ದಕ್ಕ ಅಕಿ ಕೂಡ ಮಾತು ಬಿಟ್ಟವರು. ಅತ್ಯಾರ, ನಾ ಮಾರಾಕತ್ತೀನ್ರಿ. ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ. ಇಲ್ಲಿ ಮಿಯಾಪುರದಾಗ ನಮ್ಮ ಓಣಿ ಹಿಂದ ಬಿಲ್ಡಿಂಗು ಎದ್ದಾವ, ತೆಲಿ ಎತ್ತಿ ನೋಡಿದ್ರ ಸೆರಗು ಜಾರತೈತಿ. ಅಲ್ಲಿ ಮಂದಿಗೆ ಸಕ್ಕರಿ ಬ್ಯಾನಿ, ಜ್ವಾಳ ಬೇಕಂತ.

ಮೊದಲನೇ ಸಲ ಮ್ಯಾಲ ಹೋದಾಗ ಲಿಫ್ಟಿನ್ಯಾಗ ಕಿವಿ ಗುಂಯ್ ಅಂದ್ವು. ಬಾಗಲಾ ತೆರದ್ರ... ಏನ ಹೇಳಲಿ? ಅವರ ಅಡಗಿಮನ್ಯಾಗ ನಮ್ಮ ಇಡೀ ಮನಿ ಇಟ್ಟು, ಉಳಿದ ಜಾಗದಾಗ ತುಳಸಿಕಟ್ಟಿ ಕಟ್ಟಬಹುದು. ನಾಯಿಗೊಂದು ಖೋಲಿ, ಆ ಖೋಲಿಗೆ ಎ.ಸಿ. ಬಾಲ್ಕನ್ಯಾಗ ನಿಂತ್ರ ಮೆಟ್ರೊ, ಕೆರಿ, ರಸ್ತಾ ಎಲ್ಲಾ ಕಾಲ ಕೆಳಗ. ನಮ್ಮ ಓಣಿ ಹುಡುಕಿದೆ, ಸಿಗಲಿಲ್ಲ. ಹೊಟ್ಟಿಕಿಚ್ಚು ಬರಬೇಕಿತ್ತು, ಅದೂ ಬರಲಿಲ್ರಿ. ಬಾಯಿ ತಕ್ಕೊಂಡು ನಿಂತಬಿಟ್ಟೆ. ಒಂದ ಊರಾಗ ಮನಷ್ಯಾರು ಇಷ್ಟು ಮ್ಯಾಲ, ಇಷ್ಟು ಕೆಳಗ ಇರಬಹುದೇನ್ರಿ? ನಡುವ ಇದ್ದ ನಮ್ಮಂಥವರು ಎಲ್ಲಿ ಹೋದ್ವಿ?

ಇವತ್ತ ಮುಂಜಾನೆ ನನ್ನ ಬಲಗೈ ಬಾತಿತ್ತು. ಹಿಟ್ಟು ನಾದಾಕ ಆಗದ ಒಲಿ ಮುಂದ ಕುಂತು ಅಳಾಕತ್ತಿದ್ದೆ. ನಿಮ್ಮ ಮಗ ಎದ್ದು ಬಂದ್ರು. ಒಂದು ಲೋಟ ನೀರೂ ತುಂಬಕೊಳ್ಳಾರದಂಗ ನೀವು ಬೆಳಸಿದ ಮಗ. ತೋಳು ಏರಿಸಿ, "ಅತ್ತಾಗ ಸರಿ" ಅಂದ್ರು. ಮೊದಲನೇ ರೊಟ್ಟಿ ಹರೀತು. ಎರಡನೇದು ಹಂಚಿಗೆ ಹತ್ತಿತು. ಆಮ್ಯಾಲ ನಿಧಾನಕ, ಕಾರಖಾನ್ಯಾಗ ಮಷೀನು ರಿಪೇರಿ ಮಾಡಿದಂಗ, ಅಂಚು ನೋಡಿ ನೋಡಿ ಬಡದ್ರು. ಉಬ್ಬಿತ್ರಿ. ಇಬ್ಬರೂ ಅದನ್ನ ನೋಡಕೋತ ಕುಂತ್ವಿ.

ಆಮ್ಯಾಲ ರೊಟ್ಟಿ ಚೀಲ ಹಿಡಕೊಂಡು ನನ್ನ ಜೋಡಿ ಅವರೂ ಬಂದ್ರು. ಅವರ ಇಸ್ತ್ರಿ ಅಂಗಿ ನೋಡಿ ಗೇಟಿನ ಕಾವಲುಗಾರ ಎದ್ದು ನಿಂತು, "ಕಿಧರ್ ಜಾನಾ ಸಾಬ್?" ಅಂದ. ನಾ ತೆಲಿ ಕೆಳಗ ಹಾಕಿದೆ. ಇವರು ನಕ್ಕು, "ಸಾಬ್ ನೈ ಭಾಯಿ, ರೋಟಿವಾಲಾ ಹೂಂ" ಅಂದ್ರು. ಸಾಹೇಬ ಅಲ್ಲ, ರೊಟ್ಟಿ ಮಾರಾಂವ ಅಂತ ಹೇಳುವಾಗ ದನಿ ಒಂಚೂರೂ ಅಳಕಲಿಲ್ಲ. ಆ ಬಿಲ್ಡಿಂಗ್ ನೋಡಿ ಬೆರಗಾದಾಕಿ ನಾ, ಖರೆ. ಆದ್ರ ನಿಮ್ಮ ಮಗನ ಆ ಮಾರಿ ನೋಡಿದಾಗ...

ಮನಿಗೆ ಬಂದು, "ಹಸದೈತಿ, ನೀಡ" ಅಂದ್ರು. ನಾ ಅಲ್ಲಿಗೆ ಬಂದಾಗ ನನಗ ಎಷ್ಟು ಬೇಕಾದ್ರೂ ಬೈರಿ, ಅತ್ಯಾರ. ಅವರಿಗೆ ಮಾತ್ರ ಈಗ ಏನೂ ಅನಬ್ಯಾಡ್ರಿ, ಉಣ್ಣಾಕತ್ತಾರ.