ಅಳಿವೆಯಲ್ಲಿ ಮಗುಚಿದ ಕಯಾಕ್

ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ಅಮ್ಮನೂ ನಾನೂ ಕ್ಷೇಮ; ಅಮ್ಮನಿಗೆ ಸ್ವಲ್ಪ ಶೀತ, ಅಷ್ಟೇ. ಇವತ್ತು ಇಲ್ಲಿನ ಪ್ರವಾಸಿಗರ ಗುಂಪಿನ ಜೊತೆ, ಕಯಾಕ್ ಅನ್ನುವ ಕಿರಿದಾದ ಹುಟ್ಟುದೋಣಿಗಳಲ್ಲಿ, ಅಳಿವೆಯ ಸೀಲ್ ಅನ್ನುವ ಕಡಲಪ್ರಾಣಿಗಳನ್ನು ನೋಡಲು ಹೋಗಿದ್ದೆವು. ಎಮ್ಮೆಕರುವಿನಷ್ಟು ದಪ್ಪದ ಒಂದು ಸೀಲ್ ನೀರಿನಿಂದೆದ್ದು ನಮ್ಮಿಬ್ಬರ ಕಯಾಕನ್ನೇ ಹತ್ತಿಬಿಟ್ಟಿತು! ಕಯಾಕ್ ಮಗುಚಿತು. ತೇಲುವ ಜಾಕೆಟ್ ಇದ್ದರೂ ನನ್ನ ಜೀವ ಬಾಯಿಗೆ ಬಂತು. ಸೆಳೆತ ನನ್ನನ್ನು ಕಡಲಿನತ್ತ ಎಳೆಯುತ್ತಿತ್ತು. ಹಿಂದಿನಿಂದ ಯಾರೋ ಕೊರಳಪಟ್ಟಿ ಹಿಡಿದು ಮರಳುದಿಬ್ಬಕ್ಕೆ ಎಳೆದು ತಂದರು. ನೋಡಿದರೆ ಅಮ್ಮ! ನಮ್ಮನ್ನು ಕೆರೆಯ ಹತ್ತಿರವೂ ಬಿಡದಿದ್ದ ಅಮ್ಮ ಮೀನಿನ ಹಾಗೆ ಈಜಿದ್ದಳು.

"ನಿಂಗೆ ಈಜು ಬರುತ್ತಾ?" ಅಂದೆ.

"ಬರುತ್ತೆ. ನನ್ನ ತಮ್ಮನಿಗೂ ಬರ್ತಿತ್ತು. ಆದ್ರೂ ನೀರು ಅವನನ್ನ ಬಿಡ್ಲಿಲ್ಲ ಕಣೋ."

ನಮಗೊಬ್ಬ ಸೋದರಮಾವ ಇದ್ದ, ಅಕ್ಕಾ! ನಿನಗಾದರೂ ಗೊತ್ತಿತ್ತಾ?

ಕಾರ್ಡಿನಲ್ಲಿ ಇನ್ನು ಜಾಗವಿಲ್ಲ.

ನಿನ್ನ ತಮ್ಮ