ಹಡಗು ಹತ್ತಿದ ಮುನಿಸು

ಹಡಗಿನ ಒಂಬತ್ತನೇ ಮಹಡಿಯಿಂದ
ಗುರುವಾರ (ಲಿಫ್ಟಿನ ಚಾಪೆಯ ಮೇಲೆ ಹಾಗಂತ ಬರೆದಿದೆ. ಇಲ್ಲಿ ದಿನಾ ಬೆಳಿಗ್ಗೆ ವಾರದ ಹೆಸರಿರೋ ಚಾಪೆ ಬದಲಾಯಿಸ್ತಾರೆ, ಇಲ್ಲದಿದ್ದರೆ ಯಾರಿಗೂ ವಾರ ಗೊತ್ತಾಗೋದಿಲ್ಲ)

ನನ್ನ ಮುದ್ದು ಚಿನ್ನೂ,

ನೀನು, ಅಳಿಯಂದಿರು, ಪುಟ್ಟಿ ಎಲ್ಲ ಹೇಗಿದ್ದೀರಿ? ನಾವಿಬ್ಬರೂ ಇಲ್ಲಿ ಕ್ಷೇಮ, ನಮ್ಮ ತೂಕ ಮಾತ್ರ ಕ್ಷೇಮವಾಗಿಲ್ಲ. ಫೋನ್ ಮಾಡಲಿಲ್ಲ ಅಂತ ಮುಖ ಊದಿಸಿಕೊಳ್ಳಬೇಡ. ನಡುಸಮುದ್ರದಲ್ಲಿ ಫೋನಿಗೆ ಜೀವ ಇರೋದಿಲ್ಲ. ಇದ್ದರೂ ನಿಮ್ಮಪ್ಪ ಪಕ್ಕದಲ್ಲೇ ಕೂತಿರ್ತಾರೆ. ಕಾಗದದಲ್ಲಾದರೆ ನನ್ನ ಮಾತಿಗೆ ಯಾರೂ ಅಡ್ಡ ಬಾಯಿ ಹಾಕೋದಿಲ್ಲ. ನಾಳೆ ಬಂದರಿನಲ್ಲಿ ಇಳಿದಾಗ ಇದನ್ನ ಅಂಚೆ ಡಬ್ಬಕ್ಕೆ ಹಾಕ್ತೀನಿ.

ನೀನು ಹತ್ತಿಸಿ ಕಳಿಸಿದ್ದು ಹಡಗಲ್ಲ ಕಣೇ, ಒಂದು ಊರು. ಕ್ಷೌರದಂಗಡಿ ಇದೆ, ಸಿನಿಮಾ ಇದೆ, ಮೂರು ಈಜುಕೊಳ ಇವೆ. ಸುತ್ತ ಇಷ್ಟು ನೀರಿಟ್ಟುಕೊಂಡು ಮೇಲೆ ಬೇರೆ ಯಾಕೆ ಈಜುಕೊಳ ಅಂತ ನಿಮ್ಮಪ್ಪ ಕೇಳಿದರು. ನನ್ನನ್ನಲ್ಲ, ಒಂದು ಕಂಬವನ್ನ ಕೇಳಿದರು. ಹಡಗು ಹೊರಡೋವಾಗ ಕಂಬಿಗೆ ಒರಗಿ ನಿಂತು, ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದ ಗತ್ತಿನಲ್ಲೇ ವಾಚು ನೋಡಿ, ತಡವಾಗಿ ಬಿಟ್ಟರು ಅಂತ ಸಮುದ್ರಕ್ಕೆ ದೂರು ಕೊಟ್ಟರು. ಆಮೇಲೆ ಅರ್ಧ ಗಂಟೆ ಪತ್ತೆಯಿಲ್ಲ. ಓಣಿಗಳೆಲ್ಲ ಒಂದೇ ಥರ ಇವೆ ನೋಡು, ಯಾರದೋ ಕೋಣೆಯ ಬಾಗಿಲಿಗೆ ನಮ್ಮ ಬೀಗ ತೆಗೆಯೋ ಕಾರ್ಡ್ ಉಜ್ಜುತ್ತಾ ನಿಂತುಬಿಟ್ಟಿದ್ದಾರೆ. ಒಳಗಿನಿಂದ ಮುತ್ತಿನ ಸರ ಹಾಕಿಕೊಂಡ ಒಬ್ಬಾಕೆ ಬಾಗಿಲು ತೆಗೆದರೆ, ನಮ್ಮ ಕೋಣೆಯಲ್ಲಿ ನಿಮಗೇನು ಕೆಲಸ ಅಂತ ಇವರೇ ಆಕೆಯನ್ನ ಗದರಿಸಿದ್ದಾರೆ! ಪುಣ್ಯಕ್ಕೆ ಆಕೆ ನಗುಮುಖದವಳು. ಈಗ ಊಟಕ್ಕೆ ನಮ್ಮ ಮೇಜಿನಲ್ಲೇ ಕೂರ್ತಾಳೆ.

ಕಂಬಕ್ಕೆ, ಸಮುದ್ರಕ್ಕೆ ಯಾಕೆ ಹೇಳ್ತಾರೆ ಅಂತ ನಿನಗೆ ಗೊತ್ತೇ ಇದೆ. ಆದರೂ ಇನ್ನೊಂದು ಸಲ ಹೇಳ್ತೀನಿ, ಹೇಳಿದಷ್ಟೂ ನನ್ನ ಹೊಟ್ಟೆಯುರಿ ತಣ್ಣಗಾಗುತ್ತೆ. ಪೊರೆ ತೆಗೆಸಿಕೊಂಡು ನಾನು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ ಈ ಮಹಾನುಭಾವರು ನನ್ನ ಸ್ಕೂಟರ್ ಮಾರಿಬಿಟ್ಟರು. ಕೇಳಲಿಲ್ಲ, ಹೇಳಲಿಲ್ಲ. ಅದರ ಮೇಲೆ ಹೊತ್ತುಗೊತ್ತಿಲ್ಲದೆ ಓಡಾಡಿ ಅರ್ಧ ಊರಿನ ಹೆರಿಗೆ ಮಾಡಿಸಿದ ನರ್ಸು ನಾನು. ನಿವೃತ್ತಿ ಆದಮೇಲೂ ತರಕಾರಿ ತರೋಕೆ ಅದರ ಮೇಲೆ ಹೊರಟರೆ, ದಾರಿಯಲ್ಲಿ ಮೀಸೆ ಬಂದ ಗಂಡಸರೆಲ್ಲ ಸಿಸ್ಟರ್ ಅಂತ ಕೈಯೆತ್ತುತ್ತಿದ್ದರು. ಪಟ್ಟಿ ಬಿಚ್ಚಿದ ಮೇಲೆ ಕಣ್ಣು ಫಳಫಳ ಕಾಣ್ತು. ಮನೆಗೆ ಬಂದು ನೋಡಿದರೆ ಮೆಟ್ಟಿಲ ಕೆಳಗಿನ ಖಾಲಿ ಜಾಗವೂ ಫಳಫಳ ಕಾಣ್ತು. ವಯಸ್ಸಾಯ್ತಲ್ಲ, ಇನ್ಯಾಕೆ ಅಂದರು. ತಪ್ಪಾಯ್ತು ಅನ್ನೋವರೆಗೆ ನಿಮ್ಮ ಹತ್ತಿರ ಮಾತಿಲ್ಲ ಅಂದೆ. ಅವರೂ ಬಾಯಿಗೆ ಬೀಗ ಹಾಕಿಕೊಂಡರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಐದು ತಿಂಗಳು, ಚಿನ್ನೂ. ನಾನು ಹೊರಗೆ ಗಟ್ಟಿಯಾಗೇ ಇದ್ದೆ, ಆದರೆ ಇನ್ನು ಉಳಿದಿರೋ ದಿನವೆಲ್ಲ ಹೀಗೇ ಮೂಕರ ಹಾಗೆ ಕಳೆದುಹೋಗುತ್ತೇನೋ ಅಂತ ಒಳಗೊಳಗೇ ಹೆದರಿದ್ದೆ. ನೀನೂ ಪಾಪ, ಅಪ್ಪ ಹೀಗೆ ಮಾಡಬಾರದಿತ್ತು ಅಂತ ನನ್ನ ಕೈ ಹಿಡಕೊಂಡು ಎಷ್ಟು ಮರುಗಿದೆ. ಆಮೇಲೆ ತಾನೆ ಈ ಟಿಕೆಟ್ ತಂದು ಕೈಗಿಟ್ಟಿದ್ದು.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇಲ್ಲಿ ದಿನಕ್ಕೆ ಆರು ಸಲ ಉಂಡು ಎರಡು ಸಲ ಮಲಗಿದರೂ ಜಗಳ ಅಲ್ಲಾಡಲಿಲ್ಲ. ಮನೆಯಲ್ಲಾದರೆ ಮಾತು ದಾಟಿಸೋಕೆ ಪುಟ್ಟಿ ಇದ್ದಳು, ಹಾಲಿನವನಿದ್ದ. ಇಲ್ಲಿ ಬೆಂಕಿಪೊಟ್ಟಣದಂಥ ಕೋಣೆಯಲ್ಲಿ ನಾವಿಬ್ಬರೇ. ಆಗ ದಾರಿ ತೋರಿಸಿದವಳು ಕೋಣೆ ಅಚ್ಚುಕಟ್ಟು ಮಾಡೋ ಹೆಣ್ಣುಮಗಳು. ದಿನಾ ಟವೆಲ್ ಮಡಿಸಿ ಒಂದೊಂದು ಪ್ರಾಣಿ ಮಾಡಿ ಹಾಸಿಗೆ ಮೇಲೆ ಕೂರಿಸಿ ಹೋಗ್ತಾಳೆ. ಮೊದಲ ದಿನ ಆನೆ. ನಾನು ಆನೆಗೆ ಹೇಳಿದೆ, ರಾತ್ರಿ ಗೊರಕೆ ಹೊಡೆಯೋರು ಮಗ್ಗುಲಾಗಿ ಮಲಗಬೇಕು ಅಂತ. ನಿಮ್ಮಪ್ಪ ಆನೆಯನ್ನ ತಮ್ಮ ಕಡೆ ತಿರುಗಿಸಿಕೊಂಡು, ನಿದ್ದೆಯಲ್ಲಿ ಹಲ್ಲು ಕಡಿಯೋರು ಬೇರೆಯವರ ಗೊರಕೆ ಎಣಿಸಬಾರದು ಅಂತ ಹೇಳಿದರು. ಮಾರನೇ ದಿನ ಕೋತಿ ಬಂತು. ಕೋತಿಯ ಹತ್ತಿರ ಮಾತಾಡೋಲ್ಲ ಅಂತ ಅವರು ಗೋಡೆಗೆ ಹೇಳಿಬಿಟ್ಟರು. ಅದಕ್ಕೇ ಆನೆಯನ್ನ ಬಿಚ್ಚದೆ ಜೋಪಾನವಾಗಿ ಕಪಾಟಿನಲ್ಲಿ ಇಟ್ಟುಕೊಂಡು ಒಂದೇ ಟವೆಲಿನಲ್ಲಿ ಇಬ್ಬರೂ ಮೈ ಒರೆಸಿಕೊಳ್ಳುತ್ತಿದ್ದೇವೆ. ನಗಬೇಡ.

ಊಟದ ಮೇಜಿನಲ್ಲಿ ಇನ್ನೊಂದು ಕಥೆ. ಅಲ್ಲಿ ಎಲ್ಲ ಜೋಡಿಗಳೂ ಉಪ್ಪಿಗೂ ಜಗಳ, ಉಪ್ಪಿನ ಡಬ್ಬಿಗೂ ಜಗಳ. ನಾವು ಮಾತ್ರ ಬಾಯಿಮುಚ್ಚಿಕೊಂಡು ಉಣ್ತೀವಿ. ಎಂಥ ಅನ್ಯೋನ್ಯ ದಂಪತಿ, ಒಂದು ಗಟ್ಟಿ ಮಾತಿಲ್ಲ ಅಂತ ಮುತ್ತಿನ ಸರದಾಕೆ ಇಡೀ ಮಹಡಿಗೆ ಡಂಗುರ ಸಾರಿಬಿಟ್ಟಿದ್ದಾಳೆ. ಮಾತೇ ಇಲ್ಲದ ಮೇಲೆ ಗಟ್ಟಿ ಎಲ್ಲಿಂದ ಬರಬೇಕು?

ಇವತ್ತು ಮಧ್ಯಾಹ್ನ ಅದೇ ಮುಳುವಾಯ್ತು. ನಾಟಕದ ಹಾಲಿನಲ್ಲಿ ಗಂಡ ಹೆಂಡತಿ ಆಟ ಇತ್ತು. ನಾವು ತಣ್ಣಗಿರುತ್ತೆ ಅಂತ ಸುಮ್ಮನೆ ಹೋಗಿ ಕೂತಿದ್ದು. ಇವರಷ್ಟು ಹೊಂದಿಕೊಂಡಿರೋರು ಹಡಗಿನಲ್ಲೇ ಇಲ್ಲ ಅಂತ ಮುತ್ತಿನ ಸರದಾಕೆ ಎದ್ದು ನಿಂತು ಕೂಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ಕೂರೋದು ಹೇಗೆ? ಹೋದೆವು. ಗಂಡಂದಿರನ್ನ ಪರದೆ ಹಿಂದೆ ಕರಕೊಂಡು ಹೋಗಿ ಉತ್ತರಗಳನ್ನ ಹಲಗೆಗಳ ಮೇಲೆ ಬರೆಸಿದರು. ಅವರು ಏನು ಬರೆದಿದ್ದಾರೆ ಅಂತ ನಾವು ಹೆಂಡತಿಯರು ಹೇಳಬೇಕು. ತಾಳೆಯಾದರೆ ಅಂಕ.

ನಿಮ್ಮ ಹೆಂಡತಿ ಬೆಳಿಗ್ಗೆ ನಿಮಗೆ ಹೇಳಿದ ಮೊದಲ ಮಾತು ಯಾವುದು ಅನ್ನೋದು ಮೊದಲ ಪ್ರಶ್ನೆ. ಅವರಿಗೆ ಏನೂ ಹೇಳಿಲ್ಲ, ಒದ್ದೆ ಬನಿಯನ್ ಕುರ್ಚಿ ಮೇಲೆ ಹಾಕಬಾರದು ಅಂತ ಆನೆಗೆ ಹೇಳಿದೆ ಅಂದೆ. ನಿಮ್ಮಪ್ಪನ ಹಲಗೆ ತಿರುಗಿಸಿದರು. ಅಕ್ಷರಕ್ಕೆ ಅಕ್ಷರ ಅದೇ! ಕೊನೆಯ ಜಗಳ ಯಾವಾಗ ಆಯ್ತು ಅಂತ ಕೇಳಿದರು. ಇನ್ನೂ ನಡೀತಾ ಇದೆ ಅಂದೆ. ಹಲಗೆಯಲ್ಲೂ ನಡೀತಾ ಇದೆ ಅಂತಲೇ ಇತ್ತು. ನಾವು ನಿಜ ಹೇಳಿದಷ್ಟೂ ಜನ ಬಿದ್ದು ಬಿದ್ದು ನಕ್ಕರು. ಇವರು ನಾಟಕದವರೇ ಇರಬೇಕು ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಚಿನ್ನೂ, ಸುಳ್ಳು ಯಾಕೆ ಹೇಳಲಿ, ನನಗೂ ಗೆಲ್ಲೋ ಆಸೆ ಹತ್ತಿಬಿಟ್ಟಿತ್ತು.

ಕೊನೆಯ ಪ್ರಶ್ನೆ, ಮದುವೆಯಾದ ಮೇಲೆ ನೀವು ಮಾಡಿದ ಅತಿ ದೊಡ್ಡ ತಪ್ಪು ಯಾವುದು ಅಂತ. ಇದಂತೂ ನೀರು ಕುಡಿದಷ್ಟು ಸುಲಭ. ಏನೂ ಬರೆದಿರೋಲ್ಲ, ಹಲಗೆ ಖಾಲಿ ಇರುತ್ತೆ ಅಂದೆ. ಬಸ್ಸು ತಡವಾದರೆ ಸೂರ್ಯ ಬೇಗ ಹುಟ್ಟಿದ ಅನ್ನೋ ಜಾತಿ ಇವರದು, ತಪ್ಪು ಒಪ್ಪಿಕೊಂಡಿದ್ದು ನಾನಂತೂ ಕಂಡಿಲ್ಲ ಅಂತ ಮೈಕಿನಲ್ಲೇ ಹೇಳಿದೆ. ಇಡೀ ಹಾಲೇ ನಕ್ಕಿತು. ಹಲಗೆ ತಿರುಗಿಸಿದರು. ಅವಳ ಸ್ಕೂಟರ್ ಮಾರಿದ್ದು, ಅವಳನ್ನ ಕೇಳದೆ ಮಾರಿದ್ದು ಅಂತ ಡಿಪೋದ ಆ ಗುಂಡು ಅಕ್ಷರದಲ್ಲಿ ಬರೆದಿದ್ದರು.

ಜನ ಇನ್ನೂ ನಗ್ತಾನೇ ಇದ್ದರು. ನಾನು ಅತ್ತುಬಿಟ್ಟೆ ಕಣೇ. ನಲವತ್ತು ವರ್ಷ ಇವರನ್ನ ಅರೆದು ಕುಡಿದಿದ್ದೀನಿ ಅಂದುಕೊಂಡಿದ್ದೆ. ಆ ಒಂದು ಉತ್ತರ ತಪ್ಪಾಗಿ ಒಂದೇ ಅಂಕದಲ್ಲಿ ಸೋತೆವು. ಮೊನ್ನೆ ಮೊನ್ನೆ ಮದುವೆಯಾದ ಜೋಡಿ ಗೆದ್ದು ಹೋಯ್ತು. ಬಹುಮಾನಕ್ಕೆ ಅಳ್ತಾ ಇದೀನಿ ಅಂದುಕೊಂಡು ಮುತ್ತಿನ ಸರದಾಕೆ ನನಗೆ ಕರ್ಚೀಫು ಕೊಟ್ಟು, ಮುಂದಿನ ವರ್ಷ ಬಂದು ಗೆಲ್ಲಿ ಅಂತ ಸಮಾಧಾನ ಮಾಡಿದಳು.

ಹೊರಗೆ ಬಂದು ಕಂಬಿಯ ಹತ್ತಿರದ ಕುರ್ಚಿಗಳಲ್ಲಿ ಕೂತೆವು. ಟೀ ಬಂತು. ನಿಮ್ಮಪ್ಪ ಕಪ್ಪು ಮುಟ್ಟದೆ ಸಮುದ್ರ ನೋಡ್ತಾ ಇದ್ದರು. ಟೀ ಆರಿಹೋಗುತ್ತೆ, ಕುಡೀರಿ ಅಂದೆ. ಅವರು ತಿರುಗಿ ಹಿಂದೆ ಯಾರಿದ್ದಾರೆ ಅಂತ ನೋಡಿದರು! ನಿಮಗೇ ಹೇಳಿದ್ದು ಅಂದ ಮೇಲೆ ಕಪ್ಪು ಎತ್ತಿಕೊಂಡರು. ಗಡಿಬಿಡಿಯಲ್ಲಿ ಸಾಸರಿಗೆಲ್ಲ ಚೆಲ್ಲಿಕೊಂಡರು. ಆಮೇಲೆ ಕತ್ತಲಾಗೋವರೆಗೆ ಮಾತಾಡಿದೆವು. ಏನು ಮಾತಾಡಿದೆವು ಅನ್ನೋದು ನಿನಗೆ ಬೇಡ, ಅದು ಗಂಡ ಹೆಂಡಿರ ವಿಷಯ. ಪುಟ್ಟಿಗೆ ಅಜ್ಜಿಯ ಮುತ್ತು ಕೊಡು. ಅಳಿಯಂದಿರಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡೋಕೆ ಹೇಳು.

ಎಷ್ಟು ಕೋಪ ಬಂದರೂ ನಿನ್ನವಳೇ ಆದ,
ಅಮ್ಮ

ವಿ.ಸೂ.: ಒಂದು ಬಲ್ಬ್ ಬದಲಾಯಿಸೋಕೂ ನಾಲ್ಕು ಜನರನ್ನ ಕೇಳೋ ಮನುಷ್ಯ ಒಬ್ಬರೇ ಸ್ಕೂಟರ್ ಹೇಗೆ ಮಾರಿದರು ಅಂತ ಟೀ ಕುಡೀತಾ ಕೇಳಿದೆ. ಸುಳ್ಳು ಹೇಳೋಕೆ ನೋಡಿದರು, ಪಾಪ, ಅದು ಅವರಿಗೆ ಯಾವತ್ತೂ ಬಂದಿಲ್ಲ. ಮಾರಲೇಬೇಕು ಅಂತ ಹಟ ಹಿಡಿದಿದ್ದು ನೀನು, ಗಿರಾಕಿ ಹುಡುಕಿಕೊಟ್ಟಿದ್ದೂ ನೀನು. ಐದು ತಿಂಗಳು ಅವರು ಬಾಯಿ ಬಿಡದೆ ಇದ್ದಿದ್ದು, ಬಿಟ್ಟರೆ ನಿನ್ನ ಹೆಸರು ಹೊರಬೀಳುತ್ತೆ ಅಂತ. ನಾನು ಎಲ್ಲಾದರೂ ಬಿದ್ದುಬಿಡ್ತೀನಿ ಅಂತ ನಿನಗೆ ಭಯ ಇತ್ತು, ಅದು ನನಗೆ ಅರ್ಥವಾಗುತ್ತೆ. ಆ ಭಯವನ್ನ ನನ್ನ ಹತ್ತಿರ ಹೇಳಬೇಕಿತ್ತು. ಈ ಕ್ಷಣದಿಂದ ನಿನ್ನ ಜೊತೆ ನನ್ನ ಮಾತಿಲ್ಲ. ಏನಾದರೂ ಹೇಳೋದಿದ್ದರೆ ನಿಮ್ಮಪ್ಪನಿಗೆ ಹೇಳು, ಅವರು ನನಗೆ ಹೇಳ್ತಾರೆ. ನಾವಿಬ್ಬರೂ ಈಗ ಮಾತಾಡ್ತಾ ಇದ್ದೀವಿ.